ಕಂಪನಿಯ ಗುರಿ, ನಮ್ಮ ತೋಟದ ಲೆಕ್ಕ

ಹಿಂದಿನ ಸಂಚಿಕೆಯ ಒಂದು ಸಣ್ಣ ಉತ್ತರದಲ್ಲಿ, ಆಹಾರ ಕಂಪನಿಗಳು ಈಗ ಜಮೀನಿನಿಂದ ಬರುವ ಹಸಿರುಮನೆ ಅನಿಲಕ್ಕೂ ಬೇರೆಯಾಗಿ ಗುರಿ ಇಟ್ಟುಕೊಳ್ಳಬೇಕಾಗಿದೆ ಅಂತ ಬರೆದಿದ್ದೆ. ಅಷ್ಟಕ್ಕೇ ಕೊಡಗಿನಿಂದ ರಾಶಿ ಪತ್ರ ಬಂದಿವೆ. ರೊಬಸ್ಟಾ ಕಾಫಿ ಕುಯ್ಲು ಮುಗಿದು ಹೂಮಳೆಗೆ ಕಾಯುವ ಸಮಯ, ಎಲ್ಲರಿಗೂ ಸ್ವಲ್ಪ ಬಿಡುವು ಸಿಕ್ಕಿರಬೇಕು. ನನ್ನದೂ ಸುಂಟಿಕೊಪ್ಪದ ಹತ್ತಿರ ಚಿಕ್ಕ ತೋಟ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇರಲಿ. ಒಂದೇ ತರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಹೆಸರು ಬೇಡ ಅಂದವರೇ ಜಾಸ್ತಿ, ಅದಕ್ಕೆ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನ್ನದು 7 ಎಕರೆ ರೊಬಸ್ಟಾ. ಈ ವರ್ಷ ಕಾಫಿ ಕೊಳ್ಳುವ ಕಂಪನಿ ಕಡೆಯವರು ಬಂದು ಗೊಬ್ಬರ ಎಷ್ಟು ಹಾಕ್ತೀರಿ, ಡೀಸೆಲ್ ಎಷ್ಟು, ಮರ ಎಷ್ಟು ಅಂತ ನಾಲ್ಕು ಪುಟದ ಫಾರಂ ತುಂಬಿಸಿಕೊಂಡು ಹೋದರು. ಯಾಕೆ ಅಂತ ಕೇಳಿದರೆ "ಫ್ಲ್ಯಾಗ್ ಟಾರ್ಗೆಟ್" ಅಂದರು. ಏನು ಸಾರ್ ಇದು? ನಮಗೇನಾದರೂ ಕಟ್ಟುಪಾಡು ಇದೆಯಾ? (ಸಿದ್ದಾಪುರ)

ಮೊದಲು ಕೊನೆಯ ಮಾತಿಗೆ ಉತ್ತರ ಹೇಳ್ತೀನಿ. ನಿಮಗೆ ಯಾವ ಕಟ್ಟುಪಾಡೂ ಇಲ್ಲ. ಗುರಿ ಕಂಪನಿಯದು.

ಫ್ಲ್ಯಾಗ್ ಅಂದರೆ ಬಾವುಟ ಅಲ್ಲ. ಕಾಡು, ಭೂಮಿ, ಕೃಷಿ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಪದಗಳ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ ಹೆಸರು. ಭೂಮಿಯ ಬಿಸಿ ತಡೆಯಲು ದೇಶಗಳೆಲ್ಲ ಸೇರಿ ಮಾಡಿಕೊಂಡ 2015ರ ಪ್ಯಾರಿಸ್ ಒಪ್ಪಂದ ಆಯ್ತಲ್ಲ, ಅದಕ್ಕೆ ಹೊಂದುವ ಹಾಗೆ ಕಂಪನಿಗಳು ತಮ್ಮ ಹೊಗೆ (ಹಸಿರುಮನೆ ಅನಿಲಕ್ಕೆ ಇಲ್ಲಿ ಹಾಗೇ ಅನ್ನುತ್ತೇನೆ) ಎಷ್ಟು ಇಳಿಸಬೇಕು ಅಂತ ಲೆಕ್ಕ ಹಾಕಿ, ಗುರಿ ಸರಿ ಇದೆಯಾ ಅಂತ ಪರಿಶೀಲಿಸುವ ಒಂದು ಸಂಸ್ಥೆ ಇದೆ. ಸೈನ್ಸ್ ಬೇಸ್ಡ್ ಟಾರ್ಗೆಟ್ಸ್ ಇನಿಶಿಯೇಟಿವ್ ಅಂತ ಅದರ ಹೆಸರು. ಶುರುವಿನಲ್ಲಿ ಆ ಲೆಕ್ಕ ಕಾರ್ಖಾನೆ, ಕರೆಂಟು, ಲಾರಿ ಇಂಥದ್ದರ ಸುತ್ತಲೇ ಇತ್ತು. ಜಮೀನಿನ ಲೆಕ್ಕ ಹೇಗೆ ಮಾಡಬೇಕು ಅನ್ನುವುದಕ್ಕೆ ಸರಿಯಾದ ದಾರಿ ಇರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಪ್ರತ್ಯೇಕ ಮಾರ್ಗಸೂಚಿ ಬಂತು. ಬೆಳೆ ಬೆಳೆಯುವ, ಹಾಲು ಮಾಂಸ ಮಾಡುವ, ಆಹಾರ ಪಾನೀಯ ತಯಾರಿಸುವ, ದಿನಸಿ ಮಾರುವ ಮತ್ತು ತಂಬಾಕು, ಕಾಗದ ವ್ಯವಹಾರದ ಕಂಪನಿಗಳು ಈ ಸಂಸ್ಥೆಯಲ್ಲಿ ಗುರಿ ನೋಂದಾಯಿಸುವುದಾದರೆ ಜಮೀನಿನ ಗುರಿಯನ್ನೂ ಇಡಲೇಬೇಕು. ಬೇರೆ ಧಂದೆಯ ಕಂಪನಿಯಾದರೂ ಅದರ ಒಟ್ಟು ಹೊಗೆಯಲ್ಲಿ 20%ಗಿಂತ ಜಾಸ್ತಿ ಜಮೀನಿನಿಂದ ಬರುತ್ತಿದ್ದರೆ ಅದಕ್ಕೂ ಇದೇ ನಿಯಮ.

ಈಗ ನಿಮ್ಮ ಫಾರಂ ವಿಷಯ. ಕಾಫಿ ಪುಡಿ ಮಾರುವ ಕಂಪನಿಗೆ ಸ್ವಂತ ತೋಟ ಇರುವುದು ಕಡಿಮೆ. ಅದರ ಜಮೀನಿನ ಹೊಗೆ ಎಲ್ಲ ನಿಮ್ಮಂಥ, ನನ್ನಂಥ ಸಾವಿರಾರು ಜನರ ತೋಟದಲ್ಲಿ ಇದೆ. ಇಂಥ ಬೇರೆಯವರ ಜಾಗದ ಹೊಗೆಗೆ ಸ್ಕೋಪ್ 3 ಅಂತಾರೆ. ಜಮೀನಿಗೆ ಸಂಬಂಧಪಟ್ಟ ಸ್ಕೋಪ್ 3ರಲ್ಲಿ ಕಡಿಮೆ ಅಂದರೂ 67% ಭಾಗ ಗುರಿಯೊಳಗೆ ಬರಬೇಕು. ಅಷ್ಟು ಲೆಕ್ಕ ಕೊಡಬೇಕಾದರೆ ಯಾರಾದರೂ ನಿಮ್ಮ ಗೇಟಿನ ಹತ್ತಿರ ಬರಲೇಬೇಕು. ಅದಕ್ಕೇ ಅವರು ಬಂದದ್ದು.

ಗುರಿ ಎಷ್ಟು ಅಂತ ಕೇಳಿದರೆ, ಸಾಮಾನ್ಯ ದಾರಿಯಲ್ಲಿ ವರ್ಷಕ್ಕೆ 3.03%. 2020ರಿಂದ ಶುರು ಮಾಡಿದರೆ 2030ಕ್ಕೆ 30.3% ಇಳಿಕೆ. ಭತ್ತ, ಹಾಲು, ತಾಳೆ ಎಣ್ಣೆ, ಸೋಯಾ ಸೇರಿ 11 ಪದಾರ್ಥಗಳಿಗೆ ಬೇರೆ ಬೇರೆ ದಾರಿಯೂ ಇದೆ, ಒಂದು ಟನ್ ಸರಕಿಗೆ ಎಷ್ಟು ಹೊಗೆ ಅನ್ನುವ ಲೆಕ್ಕದಲ್ಲಿ. ಕಾಫಿ ಆ ಹನ್ನೊಂದರಲ್ಲಿ ಇಲ್ಲ. ಹಾಗಾಗಿ ಕಾಫಿಗೆ ಸಾಮಾನ್ಯ ದಾರಿಯೇ ಗತಿ.

ಫಾರಂ ತುಂಬುವುದು ಬಿಡುವುದು ನಿಮ್ಮ ಇಷ್ಟ. ಆದರೆ ತುಂಬಿದರೆ ಅದರ ಒಂದು ಪ್ರತಿ ನಿಮ್ಮ ಹತ್ತಿರ ಇರಲೇಬೇಕು. ನಾನು ಈ ತಪ್ಪು ಮಾಡಿದ್ದೇನೆ. ಮೂರು ವರ್ಷದ ಹಿಂದೆ ಒಬ್ಬ ಹುಡುಗ ಟ್ಯಾಬ್ ಹಿಡಿದು ಬಂದ. ತೋಟದ ಒಳಗೆ ಹತ್ತು ಹೆಜ್ಜೆ ಇಟ್ಟ, ಅಷ್ಟರಲ್ಲಿ ಜಿಗಣೆ ಹತ್ತಿತು, ವಾಪಸ್ ಬಂದು ಕಣದ ಮೇಲೆ ನಿಂತೇ ಮರ ಎಣಿಸಿದ. "ಎಕರೆಗೆ 80 ಅಂತ ಹಾಕ್ಲಾ ಸಾರ್?" ಅಂದ. ಪಾಪ, ದಿನಕ್ಕೆ ಹದಿನೈದು ತೋಟ ಮುಗಿಸಬೇಕಂತೆ. ನಾನೂ ಹೂಂ ಅಂದೆ. ಆ ಲೆಕ್ಕ ಎಲ್ಲಿ ಹೋಯ್ತು, ನನ್ನ ತೋಟದ ಹೆಸರಲ್ಲಿ ಏನು ಬರೆದುಕೊಂಡರು, ಇವತ್ತಿಗೂ ನನಗೆ ಗೊತ್ತಿಲ್ಲ. ಎರಡು ಸಲ ಕೇಳಿದೆ, ಉತ್ತರ ಬರಲಿಲ್ಲ.

ಪ್ರಶ್ನೆ: ನಾನು ಕೃಷಿ ಓದುತ್ತಿರುವ ವಿದ್ಯಾರ್ಥಿನಿ. ಕಂಪನಿಗೆ ಒಂದೇ ಒಟ್ಟು ಗುರಿ ಇದ್ದರೆ ಸಾಲದಾ? ಜಮೀನಿಗೆ ಯಾಕೆ ಬೇರೆ? (ಪೊನ್ನಂಪೇಟೆ)

ಒಳ್ಳೇ ಪ್ರಶ್ನೆ ಮಗಳೇ. ಜಗತ್ತಿನ ಒಟ್ಟು ಹಸಿರುಮನೆ ಅನಿಲದಲ್ಲಿ ಸುಮಾರು 22% ಕೃಷಿ, ಕಾಡು, ಭೂಬಳಕೆಯಿಂದ ಬರುತ್ತದೆ ಅಂತ ಐಪಿಸಿಸಿ, ಅಂದರೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ವರದಿ ಹೇಳುತ್ತದೆ. ಅದು 2019ರ ಲೆಕ್ಕ. ಇಷ್ಟು ದೊಡ್ಡ ಪಾಲನ್ನು ಕರೆಂಟಿನ ಲೆಕ್ಕದ ಜೊತೆ ಕಲಸಿಬಿಟ್ಟರೆ ಅದು ಕಾಣುವುದೇ ಇಲ್ಲ.

ಇನ್ನೊಂದು ಕಾರಣ ಮುಖ್ಯವಾದದ್ದು. ಭೂಮಿ ಹೊಗೆ ಬಿಡುವುದೂ ಹೌದು, ಇಂಗಾಲ ಹೀರುವುದೂ ಹೌದು. ಬಾಯ್ಲರ್ ಹೀರುವುದಿಲ್ಲ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಕಂಪನಿ ಏನು ಮಾಡುತ್ತದೆ? ನಾಲ್ಕು ಗಿಡ ನೆಟ್ಟು ಬಾಯ್ಲರ್ ಹೊಗೆಯನ್ನು ಅದರಲ್ಲಿ ಕಳೆದುಬಿಡುತ್ತದೆ. ಅದಕ್ಕೇ ನಿಯಮ ಬಿಗಿಯಾಗಿದೆ. ಮರ ಮತ್ತು ಮಣ್ಣು ಹೀರಿದ ಇಂಗಾಲವನ್ನು ಜಮೀನಿನ ಗುರಿಗೆ ಮಾತ್ರ ಸೇರಿಸಬಹುದು, ಕಾರ್ಖಾನೆಯ ಗುರಿಗೆ ಸೇರಿಸುವ ಹಾಗಿಲ್ಲ. ಹೊರಗಿನಿಂದ ಕೊಂಡ ಕಾರ್ಬನ್ ಕ್ರೆಡಿಟ್ಟನ್ನೂ (ಬೇರೆಯವರು ಹೊಗೆ ಇಳಿಸಿದ್ದಕ್ಕೆ, ಇಂಗಾಲ ಹೀರಿಸಿದ್ದಕ್ಕೆ ದುಡ್ಡು ಕೊಟ್ಟು ಕೊಳ್ಳುವ ಪತ್ರ) ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಇದು ಸರಿಯಾದ ನಿಯಮ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಊರಲ್ಲಿ ಕಾರ್ಖಾನೆ ಇಲ್ಲ, ಎಲ್ಲಿ ನೋಡಿದರೂ ಮರ. ಕಾಫಿಯನ್ನು ಬಿಸಿಲಲ್ಲೇ ಒಣಗಿಸ್ತೀವಿ. ನಮ್ಮ ತೋಟದಲ್ಲಿ ಎಲ್ಲಿಂದ ಬಂತು ಹೊಗೆ? (ನಾಪೋಕ್ಲು)

ಕಣ್ಣಿಗೆ ಕಾಣುವ ಹೊಗೆ ಅಲ್ಲ ಅಕ್ಕ. ಜಾಸ್ತಿ ಪಾಲು ಗೊಬ್ಬರದ ಚೀಲದಲ್ಲಿ ಇದೆ. ಸುಮ್ನೆ ಹೇಳಿದರೆ ನಂಬಿಕೆ ಬರುವುದಿಲ್ಲ, ಒಂದು ಚೀಲ ಯೂರಿಯಾ ಬಿಚ್ಚಿ ಲೆಕ್ಕ ಮಾಡೋಣ.

ಚೀಲದ ತೂಕ 45 ಕೆ.ಜಿ. ಅದರಲ್ಲಿ 46% ಸಾರಜನಕ, ಅಂದರೆ 20.7 ಕೆ.ಜಿ. ಮಣ್ಣಿಗೆ ಹಾಕಿದ ಸಾರಜನಕದಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ ಅಂತ ಐಪಿಸಿಸಿಯ ಸಾಮಾನ್ಯ ಲೆಕ್ಕ. ಆ 207 ಗ್ರಾಂ ಸಾರಜನಕ ಅನಿಲವಾದಾಗ ತೂಕ ಸುಮಾರು 325 ಗ್ರಾಂ ಆಗುತ್ತದೆ. ಒಂದು ಸಕ್ಕರೆ ಡಬ್ಬಿಯಷ್ಟೂ ಇಲ್ಲ, ಅಲ್ವಾ? ಆದರೆ ಈ ಅನಿಲ ಶಾಖ ಹಿಡಿದಿಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ 273 ಪಟ್ಟು ಜೋರು, ನೂರು ವರ್ಷದ ಲೆಕ್ಕದಲ್ಲಿ. ಹಾಗಾಗಿ ಅದೊಂದೇ ಸುಮಾರು 89 ಕೆ.ಜಿ. ಇಂಗಾಲದ ಡೈ ಆಕ್ಸೈಡಿಗೆ ಸಮ. ಯೂರಿಯಾ ಮಣ್ಣಲ್ಲಿ ಕರಗುವಾಗ ನೇರವಾಗಿ ಬಿಡುವ ಇಂಗಾಲದ ಡೈ ಆಕ್ಸೈಡ್ ಇನ್ನೊಂದು 33 ಕೆ.ಜಿ. ಒಟ್ಟು 122. ಇಷ್ಟರಲ್ಲಿ ಗೊಬ್ಬರದ ಕಾರ್ಖಾನೆಯ ಹೊಗೆ ಸೇರಿಲ್ಲ, ಹೊಳೆಗೆ ತೊಳೆದು ಹೋದ ಸಾರಜನಕದ ಲೆಕ್ಕವೂ ಸೇರಿಲ್ಲ.

ಇನ್ನೂ ಒಂದು ಮಾತು. 2019ರಲ್ಲಿ ಐಪಿಸಿಸಿ ಈ ಲೆಕ್ಕವನ್ನು ತಿದ್ದಿದಾಗ, ಮಳೆ ಜಾಸ್ತಿ ಇರುವ ಕಡೆ ರಾಸಾಯನಿಕ ಗೊಬ್ಬರಕ್ಕೆ 1% ಅಲ್ಲ, 1.6% ಅಂತ ಹಿಡಿಯಲು ಹೇಳಿತು. ನಮ್ಮ ಊರಿನ ಮಳೆ ನಿಮಗೆ ನಾನು ಹೇಳಬೇಕಾ? ಆ ಲೆಕ್ಕದಲ್ಲಿ ಅದೇ ಚೀಲ 175 ಕೆ.ಜಿ. ದಾಟುತ್ತದೆ.

ಹೋಲಿಕೆಗೆ, ಸ್ಪ್ರಿಂಕ್ಲರ್ ಓಡಿಸುವ ಪಂಪಿಗೆ ಸುರಿಯುವ ಡೀಸೆಲ್ ಲೀಟರಿಗೆ ಸುಮಾರು 2.7 ಕೆ.ಜಿ. ಬಿಡುತ್ತದೆ. ನೂರು ಲೀಟರ್ ಸುಟ್ಟರೆ 270 ಕೆ.ಜಿ. ಎರಡು ಚೀಲ ಯೂರಿಯಾದಷ್ಟು. ಪಂಪಿನ ಸದ್ದು ಊರಿಗೇ ಕೇಳುತ್ತದೆ, ಚೀಲದ್ದು ಯಾರಿಗೂ ಕೇಳುವುದಿಲ್ಲ.

ಅರೇಬಿಕಾ ಇದ್ದು ಪಲ್ಪರ್ ಮಾಡುವವರು, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವವರು, ನೀರಿನ ಹೊಂಡವನ್ನೂ ನೋಡಬೇಕು. ಪಲ್ಪರ್ ನೀರು ಗಾಳಿ ಆಡದೆ ಕೊಳೆತರೆ ಮೀಥೇನ್ ಬರುತ್ತದೆ, ಅದೂ ಹಸಿರುಮನೆ ಅನಿಲವೇ. ಹೊಂಡದ ಹತ್ತಿರ ಮೂಗು ಮುಚ್ಚಿಕೊಂಡು ಓಡಾಡುವ ಸ್ಥಿತಿ ಇದ್ದರೆ ಅಲ್ಲಿ ಕೆಲಸ ಇದೆ ಅಂತ ಅರ್ಥ. ಸಿಪ್ಪೆಯನ್ನು ರಾಶಿ ಹಾಕಿ ಬಿಡುವ ಬದಲು ಸಗಣಿ, ಸೊಪ್ಪಿನ ಜೊತೆ ಮಗುಚಿ ಗೊಬ್ಬರ ಮಾಡಿ.

ಹಾಗಂತ ಗೊಬ್ಬರ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಯಾರೇ ಬಂದು ಹಾಗೆ ಹೇಳಿದರೂ ಕೇಳಬೇಡಿ. ಗಿಡ ಸೊರಗಿದರೆ ಒಂದು ಚೀಲ ಕಾಫಿಗೆ ಬರುವ ಹೊಗೆ ಇಳಿಯುವುದಿಲ್ಲ, ಏರುತ್ತದೆ. ನಾನು ಹೇಳುವುದು ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಹಾಕಿ ಅಂತ. ದೊಡ್ಡ ಮಳೆಗೆ ಮುಂಚೆ ಎರಚಬೇಡಿ. ಮಳೆಗಾಲದ ನಡುವೆ ಬಿಡುವು ಸಿಕ್ಕಾಗ ಕಂತು ಮಾಡಿ ಹಾಕಿ, ಬುಡದ ತರಗೆಲೆ ಸರಿಸಿ ಹಾಕಿ ಮತ್ತೆ ಮುಚ್ಚಿ. ಹಾಲುವಾಣ ಇದ್ದರೆ ಕಡಿದ ಸೊಪ್ಪನ್ನು ತೋಟದಲ್ಲೇ ಬಿಡಿ, ಅದು ಗಾಳಿಯ ಸಾರಜನಕವನ್ನು ಹಿಡಿಯುವ ಮರ. ಕಪಾತು ಮಾಡಿದ ಕೊಂಬೆ ರೆಂಬೆಗೆ ಬೆಂಕಿ ಹಾಕಬೇಡಿ. ನಮ್ಮ ಅಜ್ಜಿ ತರಗೆಲೆ ಗುಡಿಸಿದವರನ್ನು ಬೈಯುತ್ತಿದ್ದರು, "ಗಿಡದ ಕಂಬಳಿ ಯಾಕೆ ಎಳೀತೀಯಾ" ಅಂತ.

ಪ್ರಶ್ನೆ: ನಮ್ಮ ತೋಟದಲ್ಲಿ ಬೀಟೆ, ಹಲಸು, ಅತ್ತಿ, ನಂದಿ ಎಲ್ಲ ಅಜ್ಜನ ಕಾಲದ ಮರಗಳು. ಇಷ್ಟು ಇಂಗಾಲ ಹಿಡಿದಿಟ್ಟಿದ್ದೇವೆ. ಕಂಪನಿ ಗುರಿ ಮುಟ್ಟಲು ನಮ್ಮ ಮರ ಬೇಕು ಅಂದಮೇಲೆ ನಮಗೆ ದುಡ್ಡು ಕೊಡಬೇಕಲ್ವಾ? ಇಲ್ಲದಿದ್ದರೆ ಇವನ್ನೆಲ್ಲ ತೆಗೆದು ಸಿಲ್ವರ್ ಓಕ್ ಹಾಕ್ತೀವಿ. (ಚೆಟ್ಟಳ್ಳಿ)

ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಈ ಪ್ರಶ್ನೆ ಒಬ್ಬರದ್ದಲ್ಲ, ಒಂಬತ್ತು ಪತ್ರದಲ್ಲಿ ಇದೇ ಇತ್ತು.

ನಿಯಮ ಹೇಗಿದೆ ಅಂದರೆ, ಮರದಲ್ಲಿ ಈಗಾಗಲೇ ನಿಂತಿರುವ ಇಂಗಾಲ ಲೆಕ್ಕಕ್ಕೆ ಬರುವುದಿಲ್ಲ. ಈ ವರ್ಷ ಹೊಸದಾಗಿ ಎಷ್ಟು ಸೇರಿತು ಅನ್ನುವುದು ಮಾತ್ರ ಬರುತ್ತದೆ. ಬ್ಯಾಂಕಿನ ಠೇವಣಿ ಇದ್ದ ಹಾಗೆ ಅಂದುಕೊಳ್ಳಿ. ಅಜ್ಜ ಇಟ್ಟ ಅಸಲನ್ನು ಯಾರೂ ನೋಡುವುದಿಲ್ಲ, ಈ ವರ್ಷದ ಬಡ್ಡಿ ಮಾತ್ರ ನೋಡುತ್ತಾರೆ. ಆದರೆ ಅಸಲನ್ನು ತೆಗೆದರೆ, ಅಂದರೆ ಮರ ಕಡಿದರೆ, ಅದು ಪೂರ್ತಿ ಖರ್ಚಿನ ಕಡೆ ಬರುತ್ತದೆ. ಬೋಳು ತೋಟದವನು ಇವತ್ತು ಐವತ್ತು ಸಸಿ ನೆಟ್ಟರೆ ಅವನ ಜಮಾ ಲೆಕ್ಕ ಏರುತ್ತದೆ. ಮೂರು ತಲೆಮಾರು ಮರ ಉಳಿಸಿಕೊಂಡು ಬಂದ ನಿಮ್ಮ ಲೆಕ್ಕ ಹಾಗೇ ನಿಲ್ಲುತ್ತದೆ. ಗಾಳಿಯ ಲೆಕ್ಕದಲ್ಲಿ ಇದು ಸರಿ, ಯಾಕೆ ಅಂದರೆ ಹಳೇ ಮರ ಆಗಲೇ ಹೀರಿದ್ದನ್ನು ಇವತ್ತು ಮತ್ತೆ ಹೀರುವುದಿಲ್ಲ. ನ್ಯಾಯದ ಲೆಕ್ಕದಲ್ಲಿ ಸರಿ ಅಲ್ಲ. ಕೊಡಗಿನ ನೆರಳು ತೋಟಗಳಿಗೆ ಇದು ದೊಡ್ಡ ಅನ್ಯಾಯ ಅಂತಲೇ ನನ್ನ ಭಾವನೆ. ಬೆಳೆಗಾರರ ಸಂಘಗಳು ಕೊಳ್ಳುವವರ ಮುಂದೆ ಇದನ್ನು ಎತ್ತಲೇಬೇಕು. ಕೇಳಬೇಕಾದದ್ದು ನೆರಳಿನ ಕಾಫಿಗೆ ಬೆಲೆಯಲ್ಲೇ ಹೆಚ್ಚಿಗೆ ಕೊಡಿ ಅಂತ. ಇಂಗಾಲದ ಹೆಸರಿನಲ್ಲಿ ಕೇಳಿದರೆ ಅವರ ನಿಯಮ ಅಡ್ಡ ಬರುತ್ತದೆ, ಬೆಲೆಯಲ್ಲಿ ಕೇಳಿದರೆ ಯಾವ ನಿಯಮವೂ ಅಡ್ಡ ಬರುವುದಿಲ್ಲ.

ಆದರೆ ಕಡಿದು ಸಿಲ್ವರ್ ಓಕ್ ಹಾಕುವ ಮಾತು ಬೇಡ, ದಯವಿಟ್ಟು. ಲೆಕ್ಕ ನೋಡಿ. ಒಣ ತೂಕ ಒಂದು ಟನ್ ಬರುವ ಮರದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಇಂಗಾಲ ಇರುತ್ತದೆ. ಅದು ಸೌದೆಯಾಗಿ ಉರಿದರೆ ಸುಮಾರು 1.7 ಟನ್ ಇಂಗಾಲದ ಡೈ ಆಕ್ಸೈಡ್. ಮೇಲಿನ ಯೂರಿಯಾ ಲೆಕ್ಕದಲ್ಲಿ 14 ಚೀಲ. ಒಂದು ಮಧ್ಯಮ ಗಾತ್ರದ ಮರಕ್ಕೆ ಹೇಳಿದ್ದು ನಾನು. ನಿಮ್ಮ ಅಜ್ಜನ ಕಾಲದ ಅತ್ತಿಮರದ ತೂಕ ಎಷ್ಟಿರಬಹುದು, ನೀವೇ ಯೋಚಿಸಿ. ಇದನ್ನು ಕಡಿದು ನೆಟ್ಟ ಸಿಲ್ವರ್ ಓಕ್ ಆ ಸಾಲ ತೀರಿಸುವಷ್ಟರಲ್ಲಿ 2030 ಎಷ್ಟೋ ಹಿಂದೆ ಹೋಗಿರುತ್ತದೆ.

ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ನೇರ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಚೆನ್ನ, ಕಡಿಯುವಾಗ ಕಾಡು ಮರದಷ್ಟು ಓಡಾಟ ಇಲ್ಲ. ಇದೆಲ್ಲ ನಿಜ. ನಮ್ಮ ತೋಟದಲ್ಲೂ ಇವೆ. ಆದರೆ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವರು ನಾವು. ಬೇರು ಬೇರೆ ಬೇರೆ ಆಳಕ್ಕೆ ಇಳಿದಿರುವ ತೋಟ ಬೇಕು ಅನ್ನುವುದಕ್ಕೆ ಕಂಪನಿಯ ಗುರಿ ಬೇಕಾಗಿಲ್ಲ. ಖಾಲಿ ಬಿದ್ದ ಜಾಗಕ್ಕೆ ಹೊಸ ಮರ ಹಾಕಿ, ಆ ಹೊಸ ಬೆಳವಣಿಗೆ ಲೆಕ್ಕಕ್ಕೂ ಬರುತ್ತದೆ. ಇರುವುದನ್ನು ಮುಟ್ಟಬೇಡಿ.

ಪ್ರಶ್ನೆ: ನಾವು ಚೆರ್ರಿ ಕಾಫಿ ಒಣಗಿಸಿ ಊರಿನ ವ್ಯಾಪಾರಿಗೆ ಕೊಡ್ತೀವಿ. ಅವರು ಸಿಪ್ಪೆ ತೆಗೆದು ಬೇಳೆ ಮಾಡಿಸಲು ಕುಶಾಲನಗರದ ಕ್ಯೂರಿಂಗ್‌ಗೆ ಕಳಿಸ್ತಾರೆ. ಆಮೇಲೆ ಯಾರು ಕೊಳ್ತಾರೋ ಗೊತ್ತಿಲ್ಲ. ಅಂದಮೇಲೆ ಈ ತಲೆನೋವು ನಮಗೆ ಯಾಕೆ? (ಸೋಮವಾರಪೇಟೆ)

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬರೆಯುತ್ತೇನೆ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲೇ ಇದೆ.

ಜಮೀನಿನ ಲೆಕ್ಕದಲ್ಲಿ ಅತಿ ದೊಡ್ಡ ಪಾಲು ಕಾಡು ಕಡಿದು ಬೆಳೆ ಮಾಡಿದ್ದಕ್ಕೆ ಬರುತ್ತದೆ. ಅದಕ್ಕೆ 20 ವರ್ಷದ ನಿಯಮ ಇದೆ. ಒಂದು ಜಾಗದಲ್ಲಿ ಕಳೆದ 20 ವರ್ಷದೊಳಗೆ ಕಾಡು ಕಡಿದಿದ್ದರೆ, ಆ ಹೊಗೆಯನ್ನು ಅಲ್ಲಿ ಬೆಳೆದ ಕಾಫಿಯ ತಲೆಗೆ ಕಟ್ಟುತ್ತಾರೆ. 20 ವರ್ಷ ದಾಟಿದ್ದರೆ ಆ ಬಾಬ್ತು ಸೊನ್ನೆ.

ಈಗ ನಿಮ್ಮ ತೋಟ ತೆಗೆದುಕೊಳ್ಳಿ. ಸೋಮವಾರಪೇಟೆ ಕಡೆಯ ಎಷ್ಟೋ ತೋಟಗಳಿಗೆ 60, 80 ವರ್ಷ. ಬ್ರಿಟಿಷರ ಕಾಲದ್ದೂ ಇವೆ. ಅಂಥ ತೋಟದ ಕಾಫಿಗೆ ಕಾಡುನಾಶದ ಭಾರ ಸೊನ್ನೆ. ಆದರೆ ನಿಮ್ಮ ಗೋಣಿಚೀಲ ವ್ಯಾಪಾರಿಯ ಗೋದಾಮಿನಲ್ಲಿ ಇನ್ನೂ ನೂರು ಜನರ ಚೀಲದ ಜೊತೆ ಸುರಿದ ಕ್ಷಣಕ್ಕೆ ಆ ಸೊನ್ನೆ ಮಾಯ. ಕಾಫಿ ಯಾವ ತೋಟದ್ದು ಅಂತ ಗೊತ್ತಿಲ್ಲದ ಕಂಪನಿ ಏನು ಮಾಡುತ್ತದೆ? ಆ ಪ್ರದೇಶದ ಅಥವಾ ಇಡೀ ದೇಶದ ಸರಾಸರಿ ತೆಗೆದು ಹಾಕುತ್ತದೆ. ಎಲ್ಲೋ ಯಾರೋ ಕಾಡು ಕಡಿದದ್ದರ ಪಾಲು ನಿಮ್ಮ ಹಲಸಿನ ನೆರಳಲ್ಲಿ ಬೆಳೆದ ಕಾಫಿಗೂ ಬಂದು ಕೂರುತ್ತದೆ. ಗೊಬ್ಬರಕ್ಕೂ ಹೀಗೇ. ನೀವು ಅರ್ಧ ಹಾಕಿದರೂ ಲೆಕ್ಕದಲ್ಲಿ ಸರಾಸರಿ.

ನನ್ನ ಭಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಗುರಿ ಇಟ್ಟುಕೊಂಡ ಕಂಪನಿಗೆ ಎರಡು ದಾರಿ ಇವೆ. ಒಂದು, ಈಗ ಕೊಳ್ಳುತ್ತಿರುವ ಬೆಳೆಗಾರರ ಜೊತೆ ನಿಂತು, ಖರ್ಚು ಹಂಚಿಕೊಂಡು ಹೊಗೆ ಇಳಿಸುವುದು. ಎರಡು, ಲೆಕ್ಕ ಜಾಸ್ತಿ ಕಾಣುವ ಊರಿನಿಂದ ಕೊಳ್ಳುವುದನ್ನು ಬಿಟ್ಟು ಕಡಿಮೆ ಕಾಣುವ ಕಡೆಗೆ ಹೋಗುವುದು. ಕಾಗದದ ಮೇಲೆ ಎರಡರಲ್ಲೂ ಅಂಕಿ ಇಳಿಯುತ್ತದೆ. ಭೂಮಿಗೆ ಎರಡನೆಯದರಿಂದ ಏನೂ ಆಗುವುದಿಲ್ಲ, ಬಿಟ್ಟುಹೋದ ಊರು ಹಾಗೇ ಇರುತ್ತದೆ, ಬೆಳೆಗಾರನ ಬೆಲೆ ಮಾತ್ರ ಬೀಳುತ್ತದೆ. ಲೆಕ್ಕ "ಜಾಸ್ತಿ ಕಾಣುವುದಕ್ಕೆ" ಕಾರಣ ಹೊಗೆ ಜಾಸ್ತಿ ಇರುವುದೇ ಆಗಬೇಕಾಗಿಲ್ಲ, ದಾಖಲೆ ಇಲ್ಲದಿರುವುದೂ ಸಾಕು. ಅದಕ್ಕೇ ಈ ತಲೆನೋವು ನಮಗೆ ಬೇಕು.

ಏನು ಮಾಡಬಹುದು? ಒಬ್ಬೊಬ್ಬರೇ ಮಾಡುವುದು ಕಷ್ಟ. ಒಂದು ಊರಿನ ಹದಿನೈದು ಇಪ್ಪತ್ತು ಜನ ಸೇರಿ ಒಂದೇ ಲಾಟ್ ಮಾಡಿ ಕ್ಯೂರಿಂಗ್‌ಗೆ ಕಳಿಸಿದರೆ ಊರಿನ ಗುರುತಾದರೂ ಉಳಿಯುತ್ತದೆ. ಸಹಕಾರ ಸಂಘ ಇರುವ ಕಡೆ ಇದು ಸುಲಭ. ಚೀಲಕ್ಕೆ ಗುರುತು ಬರೆಸಿ, ತೂಕದ ಚೀಟಿಯಲ್ಲಿ ಊರಿನ ಹೆಸರು ಹಾಕಿಸಿ. ವ್ಯಾಪಾರಿಯೂ ಒಪ್ಪುತ್ತಾರೆ, ಯಾಕೆ ಅಂದರೆ ಯುರೋಪಿಗೆ ಕಳಿಸುವವರು ಅವರನ್ನೂ ಇದೇ ಕೇಳುತ್ತಿದ್ದಾರೆ.

ಯುರೋಪಿನ ಕಾಡುನಾಶ ನಿಯಮ ಬೇರೆ, ಇದು ಬೇರೆ. ತುಂಬಾ ಜನ ಎರಡನ್ನೂ ಒಂದು ಮಾಡಿಕೊಂಡಿದ್ದೀರಿ. ಅದು ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿನ ಮಾರುಕಟ್ಟೆಗೆ ಬರುವ ಹಾಗಿಲ್ಲ ಅನ್ನುತ್ತದೆ. ಜಾರಿ ದಿನಾಂಕ ಎರಡು ಸಲ ಮುಂದಕ್ಕೆ ಹೋಗಿದೆ. ಇನ್ನು ಕಂಪನಿ ಗುರಿ ಅನ್ನುವುದು ಸ್ವಯಂಪ್ರೇರಿತ. ಆದರೆ ಎರಡಕ್ಕೂ ಕೇಳುವ ದಾಖಲೆಯ ಬುಡ ಒಂದೇ, ತೋಟ ಎಲ್ಲಿದೆ, ಯಾವತ್ತಿನಿಂದ ಇದೆ ಅನ್ನುವುದು. ಆ ಯುರೋಪಿನ ನಿಯಮದಲ್ಲಿ 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ ಒಳಗಿನ ತೋಟಕ್ಕೆ ನಕ್ಷೆಯಲ್ಲಿ ಒಂದು ಬಿಂದು ಗುರುತಿಸಿದರೆ ಸಾಕು, ಅದಕ್ಕಿಂತ ದೊಡ್ಡದಕ್ಕೆ ಗಡಿ ಪೂರ್ತಿ ಗುರುತಿಸಬೇಕು. ಕಾಫಿ ಬೋರ್ಡಿನವರು ಬೆಳೆಗಾರರ ನೋಂದಣಿ ಮಾಡುತ್ತಿದ್ದಾರೆ, ನಿಮ್ಮ ಹತ್ತಿರದ ಕಚೇರಿಯಲ್ಲಿ ಕೇಳಿ ಮಾಡಿಸಿಕೊಳ್ಳಿ.

ಪ್ರಶ್ನೆ: ಒಂದು ಕಡೆಯವರು ಕಾರ್ಬನ್ ಕ್ರೆಡಿಟ್ ಅಂತ 20 ವರ್ಷದ ಕರಾರು ತಂದಿದ್ದಾರೆ. ಇಂಗ್ಲಿಷಿನಲ್ಲಿದೆ. ನಮ್ಮದು ಜಮ್ಮಾ ಬಾಣೆ (ಕುಟುಂಬಕ್ಕೆ ತಲೆಮಾರಿನಿಂದ ಬಂದ ಜಾಗ), ಪಹಣಿಯಲ್ಲಿ ದೊಡ್ಡಪ್ಪನ ಹೆಸರು ಮೊದಲು. ಸಹಿ ಹಾಕಲಾ? (ವಿರಾಜಪೇಟೆ)

ಈಗಲೇ ಬೇಡ.

ಕಾರಣ ಒಂದು. ನಿಮ್ಮ ಮರ ಈ ವರ್ಷ ಹೀರಿದ ಇಂಗಾಲವನ್ನು ಒಬ್ಬರಿಗೆ ಕ್ರೆಡಿಟ್ ಆಗಿ ಮಾರಿದರೆ, ಕಾಫಿ ಕೊಳ್ಳುವ ಕಂಪನಿ ಅದನ್ನೇ ತನ್ನ ಗುರಿಗೆ ತೋರಿಸುವ ಹಾಗಿಲ್ಲ. ಒಂದೇ ಹಲಸಿನ ಹಣ್ಣನ್ನು ಇಬ್ಬರಿಗೆ ಮಾರಿದ ಹಾಗೆ ಆಗುತ್ತದೆ. 20 ವರ್ಷ ಕೈ ಕಟ್ಟಿಕೊಂಡರೆ ನಾಳೆ ಕಾಫಿಯ ಬೆಲೆಯಲ್ಲೇ ಒಳ್ಳೇ ಮಾತು ಬಂದಾಗ ನೀವು ಕೂರುವ ಜಾಗ ಇರುವುದಿಲ್ಲ.

ಕಾರಣ ಎರಡು. ಜಮ್ಮಾ ಜಾಗದಲ್ಲಿ ಒಬ್ಬರ ಸಹಿಯಿಂದ ಕೆಲಸ ಆಗುವುದಿಲ್ಲ, ಕುಟುಂಬದ ಪಾಲುದಾರರೆಲ್ಲ ಒಪ್ಪಬೇಕು. ಮರದ ಹಕ್ಕು ರಿಡೀಮ್ಡ್ ಜಾಗಕ್ಕೆ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿದ್ದು) ಒಂದು ತರ, ಅನ್‌ರಿಡೀಮ್ಡ್ ಜಾಗಕ್ಕೆ (ಕಟ್ಟದೇ ಇದ್ದದ್ದು) ಇನ್ನೊಂದು ತರ. ಕರಾರಿನಲ್ಲಿ "ಮರದ ಮೇಲಿನ ಪೂರ್ತಿ ಹಕ್ಕು ನನ್ನದು" ಅಂತ ನಿಮ್ಮಿಂದ ಬರೆಸಿಕೊಂಡಿರುತ್ತಾರೆ, ನಾಳೆ ತಕರಾರು ಬಂದರೆ ಹೊಣೆ ನಿಮ್ಮ ಮೇಲೆ. ಕನ್ನಡದಲ್ಲಿ ಬರೆದುಕೊಡಿ ಅಂತ ಕೇಳಿ. ಬರೆದುಕೊಟ್ಟ ಮೇಲೆ ಊರಿನ ವಕೀಲರಿಗೆ ತೋರಿಸಿ. ಗಾಳಿಗೆ ಮರ ಬಿದ್ದರೆ ಯಾರ ಜವಾಬ್ದಾರಿ, ಆನೆ ಮುರಿದರೆ ಯಾರದು, ಮಗಳ ಮದುವೆಗೆ ಎರಡು ಮರ ಬೇಕಾದರೆ ಏನು, ಇದಕ್ಕೆಲ್ಲ ಅದರಲ್ಲಿ ಉತ್ತರ ಇದೆಯಾ ನೋಡಿ.

ಪ್ರಶ್ನೆ: ಗದ್ದೆ ಪಾಳು ಬಿಟ್ಟು ಐದು ವರ್ಷ ಆಯ್ತು. ಭತ್ತದ ಗದ್ದೆಯಿಂದ ಮೀಥೇನ್ ಬರುತ್ತದೆ ಅಂತಾರೆ. ಹಾಗಾದರೆ ನಾವು ಮಾಡಿದ್ದು ಒಳ್ಳೇದೇ ಅಲ್ವಾ? ಶುಂಠಿಗೆ ಕೊಡಬಹುದಾ? (ಪೊನ್ನಂಪೇಟೆ ಹತ್ತಿರದ ಹಳ್ಳಿ)

ನೀರು ನಿಂತ ಗದ್ದೆಯಲ್ಲಿ ಮೀಥೇನ್ ಬರುವುದು ನಿಜ. ನೀರನ್ನು ಆಗಾಗ ಇಳಿಸಿ ಮತ್ತೆ ಕಟ್ಟಿದರೆ ಅದು ಅರ್ಧದಷ್ಟು ಕಡಿಮೆ ಆಗುತ್ತದೆ ಅಂತ ಬೇರೆ ಬೇರೆ ದೇಶದ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಅದು ಕಾಲುವೆ ನೀರಿನ ಊರಿಗೆ ಹೇಳಿದ ಮಾತು. ಮಳೆಗಾಲದಲ್ಲಿ ಎರಡು ಗುಡ್ಡದ ನೀರು ಬಂದು ನಿಲ್ಲುವ ನಮ್ಮ ಗದ್ದೆಯಲ್ಲಿ ನೀರು ಇಳಿಸುವುದು ಎಲ್ಲಿಗೆ?

ಪಾಳು ಬಿಟ್ಟ ಗದ್ದೆಯಲ್ಲೂ ನೀರು ನಿಂತರೆ ಮೀಥೇನ್ ಬರುತ್ತದೆ. ಶುಂಠಿಗೆ ಕೊಟ್ಟರೆ ನೀರು ಬಸಿಯಲು ಕಾಲುವೆ ತೋಡುತ್ತಾರೆ, ಮಣ್ಣಿನ ಇಂಗಾಲ ಹೋಗುತ್ತದೆ, ಗೊಬ್ಬರ ಜಾಸ್ತಿ ಬೀಳುತ್ತದೆ. ಹಾಗಾಗಿ ಅದನ್ನು ಲಾಭ ಅಂತ ಲೆಕ್ಕ ಹಾಕಬೇಡಿ. ಗದ್ದೆ ನೀರು ಹಿಡಿಯುವುದರಿಂದಲೇ ಬೇಸಿಗೆಯಲ್ಲಿ ಮನೆ ಬಾವಿ ಉಳಿಯುತ್ತದೆ. ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗೆಯಲು ಪಕ್ಕದ ಊರಿಗೆ ಹೋಗುವ ಸ್ಥಿತಿ ಬಂದಿರುವ ಮನೆಗಳನ್ನು ನಾನು ಕಂಡಿದ್ದೇನೆ, ಬೇಜಾರಾಗುತ್ತದೆ. ಒಂದು ಪಾತಿಯಾದರೂ ಭತ್ತ ಮಾಡಿ.

ಪ್ರಶ್ನೆ: ಕಂಪನಿ ಗುರಿ ಮುಟ್ಟದಿದ್ದರೆ ದಂಡ ಇದೆಯಾ? (ಮಡಿಕೇರಿ)

ಇಲ್ಲ. ಇದು ಸರ್ಕಾರದ ಕಾನೂನು ಅಲ್ಲ. ಆದರೆ ಯಾವ ಕಂಪನಿ ಏನು ಗುರಿ ಇಟ್ಟಿದೆ ಅನ್ನುವ ಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಇದೆ. ಗುರಿ ಇಡುತ್ತೇವೆ ಅಂತ ಮಾತು ಕೊಟ್ಟು ಹೊತ್ತಿಗೆ ಸರಿಯಾಗಿ ಸಲ್ಲಿಸದ ಇನ್ನೂರಕ್ಕೂ ಹೆಚ್ಚು ಕಂಪನಿಗಳ ಹೆಸರಿನ ಮುಂದೆ ಮಾತು ರದ್ದಾಗಿದೆ ಅಂತ 2024ರಲ್ಲಿ ಬರೆದರು. ಷೇರು ಹಾಕಿದವರು, ದೊಡ್ಡ ಅಂಗಡಿಯವರು ಅದನ್ನು ನೋಡುತ್ತಾರೆ. ನೀವೂ ನೋಡಬಹುದು, ನಿಮ್ಮ ಕಾಫಿ ಕೊಳ್ಳುವವರ ಹೆಸರು ಅಲ್ಲಿದೆಯಾ ಅಂತ.

ಪ್ರಶ್ನೆ: ನಾವು ಅಕ್ಕ ತಂಗಿ ಸೇರಿ ಮನೆಯಲ್ಲೇ ಕಾಫಿ ಹುರಿದು ಪುಡಿ ಮಾಡಿ ಮಾರುತ್ತೇವೆ, ಜೊತೆಗೆ ಉಪ್ಪಿನಕಾಯಿ, ಜೇನು. ಬೆಂಗಳೂರಿನ ಒಂದು ಅಂಗಡಿಯವರು "ನಿಮ್ಮ ಗುರಿ ಏನು" ಅಂತ ಮೇಲ್ ಕಳಿಸಿದ್ದಾರೆ. ಹೆದರಿಕೆ ಆಗಿದೆ. (ಗೋಣಿಕೊಪ್ಪ)

ಹೆದರಬೇಡಿ. ಅವರು ಗುರಿ ಇಟ್ಟುಕೊಂಡಿರಬೇಕು, ನೀವು ಅವರ ಸ್ಕೋಪ್ 3, ಅಷ್ಟೇ. ನಿಮ್ಮಷ್ಟು ಚಿಕ್ಕ ಉದ್ಯಮ ದೊಡ್ಡ ಕಂಪನಿಯ ಹಾಗೆ ಗುರಿ ನೋಂದಾಯಿಸಬೇಕಾಗಿಲ್ಲ. ಉತ್ತರ ನೇರವಾಗಿ ಬರೆಯಿರಿ. ಕಾಫಿ ಯಾವ ತೋಟದ್ದು, ತೋಟಕ್ಕೆ ಎಷ್ಟು ವರ್ಷ, ಎಕರೆಗೆ ಎಷ್ಟು ಗೊಬ್ಬರ, ಹುರಿಯಲು ಗ್ಯಾಸ್ ಎಷ್ಟು ಸಿಲಿಂಡರ್ ಅಂತ. "ನಾವು ಕಾಡು ಕಡಿದ ಜಾಗದ ಕಾಫಿ ಕೊಳ್ಳುವುದಿಲ್ಲ" ಅಂತ ಒಂದು ಸಾಲು ಸೇರಿಸಿ, ನಿಜವಾಗಿದ್ದರೆ ಮಾತ್ರ. ಗುರಿ ಇಡುವ ದೊಡ್ಡ ಕಂಪನಿಗಳಿಂದಲೂ ಮೊದಲು ಬರೆಸಿಕೊಳ್ಳುವ ಮಾತು ಅದು. ಇಂಗಾಲ ಮುಕ್ತ, ನೂರಕ್ಕೆ ನೂರು ಹಸಿರು ಅಂತೆಲ್ಲ ಡಬ್ಬಿಯ ಮೇಲೆ ಬರೆಸಬೇಡಿ. ಲೆಕ್ಕ ಕೇಳಿದರೆ ತೋರಿಸಲು ಆಗುವಷ್ಟೇ ಹೇಳಿ.

ಪ್ರಶ್ನೆ: ತೋಟದ ಲೆಕ್ಕ ಇಡಿ ಅಂತೀರಿ. ನನಗೆ 64 ವರ್ಷ, ಮೊಬೈಲ್ ಆ್ಯಪ್ ಎಲ್ಲ ಬರುವುದಿಲ್ಲ, ಮಕ್ಕಳು ಬೆಂಗಳೂರಲ್ಲಿ. ಏನು ಬರೆಯಲಿ, ಎಲ್ಲಿ ಬರೆಯಲಿ? (ಭಾಗಮಂಡಲ)

ಅಮ್ಮ, ಆ್ಯಪ್ ಬೇಡವೇ ಬೇಡ. ಆಳುಗಳ ಹಾಜರಿ ಬರೆಯುವ ಪುಸ್ತಕ ಇರುತ್ತದಲ್ಲ, ಅದರ ಹಿಂದಿನ ಪುಟಗಳು ಸಾಕು.

ಗೊಬ್ಬರ ತಂದ ದಿನ ಯಾವ ಗೊಬ್ಬರ, ಎಷ್ಟು ಚೀಲ ಅಂತ ಬರೆಯಿರಿ, ಅಂಗಡಿ ಬಿಲ್ಲನ್ನು ಅದೇ ಪುಟಕ್ಕೆ ಪಿನ್ ಮಾಡಿ. ಸುಣ್ಣ ಹಾಕಿದರೆ ಅದನ್ನೂ ಬರೆಯಿರಿ, ಒಂದು ಟನ್ ಸುಣ್ಣದ ಕಲ್ಲಿನ ಪುಡಿ ಮಣ್ಣಲ್ಲಿ ಕರಗಿದರೆ 440 ಕೆ.ಜಿ. ವರೆಗೆ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ ಅಂತ ಲೆಕ್ಕ. ಆದರೆ ನಮ್ಮ ಹುಳಿ ಮಣ್ಣಿಗೆ ಸುಣ್ಣ ಬೇಕು, ಅದಿಲ್ಲದೆ ಹಾಕಿದ ಗೊಬ್ಬರ ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ನಿಲ್ಲಿಸಬೇಡಿ. ಡೀಸೆಲ್ ಎಷ್ಟು ಲೀಟರ್. ಯಾವ ಮರ ಬಿತ್ತು, ಯಾವುದನ್ನು ಕಡಿಸಿದಿರಿ, ಯಾವ ಸಸಿ ಎಲ್ಲಿ ನೆಟ್ಟಿರಿ. ಕುಯ್ಲಿನಲ್ಲಿ ಎಷ್ಟು ಚೀಲ ಆಯ್ತು, ಯಾರಿಗೆ ಕೊಟ್ಟಿರಿ. ಇಷ್ಟೇ. ವರ್ಷಕ್ಕೆ ಎರಡು ಪುಟ ದಾಟುವುದಿಲ್ಲ.

ಮತ್ತೆ ಮೊದಲ ಪುಟದಲ್ಲಿ ಒಂದು ಸಾಲು. ಈ ತೋಟ ಮೊದಲು ಮಾಡಿದ್ದು ಯಾರು, ಯಾವ ವರ್ಷ ಅಂತ. ಹಳೇ ಕಂದಾಯದ ರಶೀದಿ, ಪಹಣಿ, ಮಾವನವರ ಕಾಲದ ಕಾಫಿ ಬೋರ್ಡಿನ ಯಾವುದಾದರೂ ಚೀಟಿ ಟ್ರಂಕಿನಲ್ಲಿ ಇರಬಹುದು, ಹುಡುಕಿ ನೋಡಿ. ಅದರ ಫೋಟೋ ತೆಗೆದು ಮಕ್ಕಳಿಗೆ ಕಳಿಸಿ. ಹೂಮಳೆ ಬಂದರೆ ತೋಟದ ಕೆಲಸ ಶುರುವಾಗಿಬಿಡುತ್ತದೆ, ಅದಕ್ಕೆ ಮುಂಚೆ ಒಂದು ಮಧ್ಯಾಹ್ನ ಕೂತು ಟ್ರಂಕ್ ತೆಗೆಯಿರಿ.